ಕಲ್ಲಿಗೆ ಹುಳಿ ಹಿಂಡಿದ ಕಥೆ

ಸಂಸಾರಗಳಿಗೆ ಹುಳಿ ಹಿಂಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ನೀವೂ ಕಂಡಿರಬಹುದು. ಆದರೆ ಕಲ್ಲಿಗೆ ಹುಳಿ ಹಿಂಡಿ, ಆ ಮೂಲಕ ತನ್ನ ಸಂಸಾರಕ್ಕೂ ನಾಲ್ಕು ತೊಟ್ಟು ಹಿಂಡಿಕೊಂಡವನು ನಮ್ಮ ಬೀದಿಯಲ್ಲಿ ನಾನೊಬ್ಬನೇ ಎಂದು ತೋರುತ್ತದೆ. ಇದರಲ್ಲಿ ಹೆಮ್ಮೆಪಡುವಂಥದು ಏನೂ ಇಲ್ಲ. ಹೇಳಿಕೊಂಡರೆ ಇನ್ನೊಬ್ಬರ ಮನೆಯ ನೆಲವಾದರೂ ಉಳಿದೀತು ಎಂದು ಬರೆಯುತ್ತಿದ್ದೇನೆ.

ಬಸವನಗುಡಿಯ ನಮ್ಮ ಮನೆಯನ್ನು ತಂದೆಯವರು ಕಟ್ಟಿಸಿದ್ದು 1961ರಲ್ಲಿ. ರಾಜ್ಯದ ಏಕೀಕರಣವಾಗಿ ಐದು ವರ್ಷವಾಗಿತ್ತು. ಮಂಡ್ಯವನ್ನೇ ದೂರದೇಶವೆಂದು ತಿಳಿದಿದ್ದ ಬೆಂಗಳೂರಿನ ಗುಮಾಸ್ತರಿಗೆ ಗುಲ್ಬರ್ಗ, ರಾಯಚೂರುಗಳಿಗೆ ವರ್ಗವಾಗುತ್ತಿದ್ದ ಕಾಲ ಅದು. ತಂದೆಯವರಿಗೂ ಎರಡು ವರ್ಷ ಗುಲ್ಬರ್ಗದ ವಾಸ ಒದಗಿತು. ಹಿಂತಿರುಗುವಾಗ ಅವರು ಅಲ್ಲಿಂದ ಎರಡು ವಸ್ತುಗಳನ್ನು ಹಚ್ಚಿಕೊಂಡು ಬಂದರು: ಒಂದು ಜೋಳದ ರೊಟ್ಟಿ, ಇನ್ನೊಂದು ಶಹಾಬಾದಿನ ಕಲ್ಲು. ರೊಟ್ಟಿ ತಟ್ಟುವುದು ನಮ್ಮಮ್ಮನಿಗೆ ಕೊನೆಯವರೆಗೂ ಒಗ್ಗಲಿಲ್ಲ. ಕಲ್ಲು ಮಾತ್ರ ಮನೆಯೊಳಗೆ ಬಂದೇಬಿಟ್ಟಿತು.

ಆ ಕಡೆಯವರು ಅದನ್ನು ಫರಸಿ ಎನ್ನುತ್ತಾರೆ. ನೆಲದೊಳಗೆ ಪುಸ್ತಕದ ಹಾಳೆಗಳ ಹಾಗೆ ಪದರಪದರವಾಗಿ ಮಲಗಿರುವ ಸುಣ್ಣದಕಲ್ಲು. ಎಬ್ಬಿಸಿದರೆ ಚಪ್ಪಟೆಯಾಗಿಯೇ ಏಳುತ್ತದೆ; ಅಂಚು ಕತ್ತರಿಸಿ ಹಾಸಿದರೆ ಆಯಿತು. ಆ ಸೀಮೆಯ ಸಿಮೆಂಟು ಕಾರ್ಖಾನೆಗಳು ಪುಡಿಮಾಡಿ ಸುಡುವುದೂ ಅಂಥ ಸುಣ್ಣದಕಲ್ಲನ್ನೇ. ನಮ್ಮ ಕಲ್ಲು ಗೂಡ್ಸ್ ಷೆಡ್ಡಿನಿಂದ ಎತ್ತಿನ ಗಾಡಿಯಲ್ಲಿ ಬಂದದ್ದು ನನಗೆ ನೆನಪಿದೆ. ಏಳು ವರ್ಷದ ನಾನು ಒಂದೊಂದನ್ನೇ ಮುಟ್ಟಿ ಎಣಿಸುವ ಅಧಿಕಾರಿಯಾಗಿದ್ದೆ. ಮಳೆ ಬರುವ ಮುಂಚಿನ ಮೋಡದ ಬಣ್ಣ. ಒದ್ದೆಯಾದರೆ ಅದರಲ್ಲಿ ನಸುಹಸುರು ಕಾಣಿಸುತ್ತಿತ್ತು.

1974ರಲ್ಲಿ ಗ್ಯಾಸ್ ಒಲೆ ಬಂದಾಗ ಅಡಿಗೆಮನೆಯಲ್ಲಿ ನಿಂತು ಅಡಿಗೆ ಮಾಡುವ ಕಟ್ಟೆ ಎದ್ದಿತು. ಅದರ ಮೇಲೆ ಹಾಸಿದ್ದು ಕಡಪದ ಕರಿಕಲ್ಲು. ನಮ್ಮಮ್ಮ ಗಿಡ್ಡ. ಮೇಸ್ತ್ರಿ ಅವಳನ್ನು ಗೋಡೆಗೆ ನಿಲ್ಲಿಸಿ, ಸೊಂಟದ ಹತ್ತಿರ ಇದ್ದಿಲಿನಲ್ಲಿ ಗೆರೆ ಎಳೆದು, ಆ ಎತ್ತರಕ್ಕೆ ಕಟ್ಟೆ ಕಟ್ಟಿದ. ಈ ಗೆರೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಮನೆಗೆ ಯಾರು ಬಂದರೂ ನಾನು ಈ ನೆಲದ ಪುರಾಣವನ್ನು ಹೇಳದೆ ಬಿಟ್ಟವನಲ್ಲ. "ನೋಡಿ, ಅರವತ್ತು ವರ್ಷ ದಾಟಿತು. ಬೇಸಿಗೆಯಲ್ಲಿ ಇದರ ಮೇಲೆ ಬರಿಮೈಯಲ್ಲಿ ಮಲಗಿದರೆ ಫ್ಯಾನು ಬೇಡ. ಈಗಿನ ಟೈಲುಗಳಿಗೆ ಈ ಗುಣ ಎಲ್ಲಿ ಬರಬೇಕು?" ಎಂದು ಶುರುವಾದರೆ ಅತಿಥಿಗಳ ಕಾಫಿ ಆರಬೇಕು. ಅಷ್ಟು ಹೊತ್ತಿಗೆ ಅಡಿಗೆಮನೆಯಲ್ಲಿ ಒಂದು ಪಾತ್ರೆ ಠಣ್ಣೆಂದು ಸದ್ದಾಗುತ್ತಿತ್ತು. ಅದು ಕೈಜಾರಿದ ಸದ್ದೆಂದೇ ನಾನು ತಿಳಿದಿದ್ದೆ.

ಮನೆಯಾಕೆಗೆ ಟೈಲುಗಳು ಬೇಕಾಗಿದ್ದವು. ಹತ್ತು ವರ್ಷಗಳಿಂದ ಕೇಳುತ್ತಿದ್ದಳು. ಕೇಳುತ್ತಿದ್ದಳು ಎನ್ನುವುದಕ್ಕಿಂತ, ಯಾರದಾದರೂ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿಬಂದ ಸಂಜೆ, "ಅವರ ಮನೆ ನೆಲ ಎಷ್ಟು ಸಲೀಸಾಗಿ ಒರೆಸಬಹುದು ಅಂತೀರಿ!" ಎಂದು ಹೇಳಿ ಸುಮ್ಮನಾಗುತ್ತಿದ್ದಳು. ನಾನು ತಂದೆಯವರ ಹೆಸರು ಹೇಳಿ ಮಾತು ಮುಗಿಸುತ್ತಿದ್ದೆ. ಒಂದು ಸಲ ಮಾತ್ರ ಅವಳು, "ಹೊಗಳೋದು ನೀವು, ಒರೆಸೋದು ನಾನು" ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲವಾದ್ದರಿಂದ ಅದು ತಮಾಷೆ ಎಂದು ನಕ್ಕುಬಿಟ್ಟೆ.

ಹೋದ ವರ್ಷ ಮಗಳ ಎರಡನೆಯ ಬಾಣಂತನಕ್ಕೆಂದು ಅವಳು ಪುಣೆಗೆ ಹೊರಟಳು. ಮೂರು ತಿಂಗಳು. ಹೊರಡುವ ದಿನ ಅನ್ನಕ್ಕೆ ನೀರಿನ ಅಳತೆ, ಹಾಲಿನವನ ಲೆಕ್ಕ ಎಲ್ಲ ಹೇಳಿ, ಕೊನೆಗೆ, "ನೆಲಾನ ಗುಡಿಸಿ, ಆಮೇಲೆ ಒದ್ದೆಬಟ್ಟೇಲಿ ಒರೆಸಿ, ಅಷ್ಟೆ. ಇನ್ನೇನೂ ಮಾಡೋಕೆ ಹೋಗಬೇಡಿ" ಎಂದಳು. ಆ ಕೊನೆಯ ಮಾತಿನಲ್ಲಿ ನನ್ನ ವಿಷಯದ ದೀರ್ಘ ಅನುಭವವಿತ್ತು. ನಾನು ಅದನ್ನು ಸವಾಲೆಂದು ತಿಳಿದೆ.

ನಮ್ಮದು ಕೊಳವೆಬಾವಿಯ ಗಡಸು ನೀರು. ನಲ್ಲಿಯ ಕೆಳಗೆ, ಸಿಂಕಿನ ಅಂಚಿಗೆ, ಬಚ್ಚಲ ಬಾಗಿಲ ಮುಂದಿನ ಕಲ್ಲಿಗೆ ಬಿಳಿಯ ಕರೆ ಕಟ್ಟುತ್ತದೆ. ಅವಳು ದಿನವೂ ಒಣಬಟ್ಟೆಯಲ್ಲಿ ತೇವ ತೆಗೆಯುತ್ತಿದ್ದಳಂತೆ, ನಾನು ತೆಗೆಯಲಿಲ್ಲ. ಮೂರು ವಾರದಲ್ಲಿ ಕರೆ ದಪ್ಪವಾಯಿತು. ಅವಳು ಬರುವುದರೊಳಗೆ ಈ ಕಲ್ಲನ್ನು ಕನ್ನಡಿ ಮಾಡಿ, ಟೈಲಿನ ಮಾತು ಇನ್ನೆಂದೂ ಎತ್ತದಂತೆ ಮಾಡಬೇಕೆಂಬ ಹುಮ್ಮಸ್ಸು ನನಗೆ. ಅಂಗಡಿಗೆ ಹೋಗಿ ಪಾಯಿಖಾನೆ ತೊಳೆಯುವ ಆಸಿಡ್ಡಿನ ಸೀಸೆ ತಂದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಟ್ಟೆಯ ಮೇಲೆ, ಬಚ್ಚಲ ಮುಂದೆ, ಅಲ್ಲಿಂದ ನಡುಮನೆಯ ಅಂಚಿನವರೆಗೆ ಧಾರಾಳವಾಗಿ ಸುರಿದೆ.

ಕಲ್ಲು ಬುರುಬುರು ನೊರೆಗಟ್ಟಿತು. ಆಹಾ, ಎಷ್ಟು ವರ್ಷದ ಕೊಳೆ ಬಿಡುತ್ತಿದೆ ಎಂದು ನನಗೆ ಆನಂದ! ನೊರೆ ನಿಂತಲ್ಲಿ ಇನ್ನಷ್ಟು ಸುರಿದೆ.

ನೀರು ಹಾಕಿ ತೊಳೆದು, ಒಂದು ಗಂಟೆ ಬಿಟ್ಟು ಬಂದು ನೋಡಿದಾಗ ಎದೆ ಧಸಕ್ಕೆಂದಿತು. ಕರೆಯೇನೋ ಹೋಗಿತ್ತು. ಜೊತೆಗೆ ಕಲ್ಲಿನ ಮುಖವೂ ಹೋಗಿತ್ತು. ಕಡಪ ಕಲ್ಲಿನ ಕಪ್ಪಿನ ಮೇಲೆ ಬೂದಿ ಚೆಲ್ಲಿದಂತೆ ಬಿಳಿಚು. ಶಹಾಬಾದಿನ ಮೇಲೆ ಆಸಿಡ್ಡು ಹರಿದ ದಾರಿಯೆಲ್ಲ ಭೂಪಟದಲ್ಲಿ ನದಿ ಬರೆದ ಹಾಗೆ. ಕೈಯಾಡಿಸಿದರೆ ಮರಳುಕಾಗದದಂತೆ ಒರಟು. ನಿಂಬೆಹಣ್ಣು ಎಲ್ಲ ಕಲೆಗೂ ಮದ್ದು ಎಂದು ಎಲ್ಲಿಯೋ ಕೇಳಿದ್ದನ್ನು ನೆನೆದು ಅದನ್ನೂ ತಿಕ್ಕಿದೆ. ಉರಿಯುವ ಮನೆಗೆ ಎಣ್ಣೆ ಹೊಯ್ದಂತಾಯಿತು. ಇನ್ನು ಎಣ್ಣೆಯೊಂದೇ ಬಾಕಿ ಎಂದು ಕೊಬ್ಬರಿ ಎಣ್ಣೆಯನ್ನೂ ಬಳಿದೆ. ಒಂದು ದಿನ ಕಪ್ಪಾಗಿ ಕಾಣಿಸಿತು. ಎರಡನೆಯ ದಿನ ಧೂಳು ಮೆತ್ತಿ, ನನ್ನ ಹೆಜ್ಜೆಗಳೆಲ್ಲ ಕಳ್ಳನ ಹೆಜ್ಜೆಗಳಂತೆ ಅಚ್ಚಾಗಿದ್ದವು. ಮೂರನೆಯ ದಿನ ಜಾರಿಬಿದ್ದೆ.

ಪುಣೆಯಿಂದ ದಿನವೂ ವೀಡಿಯೋ ಕರೆ ಬರುತ್ತಿತ್ತು. ನಾನು ಫೋನನ್ನು ಮೇಲೆತ್ತಿ ಹಿಡಿದು, ತಾರಸಿಯ ಹಿನ್ನೆಲೆಯಲ್ಲಿ ನನ್ನ ಮುಖವೊಂದನ್ನೇ ತೋರಿಸಿ ಮಾತನಾಡುವುದನ್ನು ಅಭ್ಯಾಸ ಮಾಡಿಕೊಂಡೆ.

ಎದುರುಮನೆಯಲ್ಲಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟರಿದ್ದಾರೆ. ಕುಂಟುತ್ತಿದ್ದ ನನ್ನನ್ನು ವಿಚಾರಿಸಲು ಬಂದವರು ನೆಲವನ್ನು ನೋಡಿ ನನ್ನ ಕಾಲಿನ ವಿಷಯವನ್ನೇ ಮರೆತರು. ಬಗ್ಗಿ ಕೂತು ಬೆರಳಾಡಿಸಿ, "ರಾಯರೆ, ನೊರೆ ಬಂತೆ?" ಎಂದು ಕೇಳಿದರು. ಬಂತು ಎಂದೆ.

"ಅದು ಕೊಳೆ ಬಿಟ್ಟದ್ದಲ್ಲ. ನಿಮ್ಮ ನೆಲವೇ ಗಾಳಿಯಾಗಿ ಹೋದದ್ದು."

ಆಮೇಲೆ ಒಂದು ಗಂಟೆ ಪಾಠವಾಯಿತು. ಶಹಾಬಾದು, ಕಡಪ, ಮಕ್ರಾನದ ಅಮೃತಶಿಲೆ, ಈ ಮೂರರ ಬಣ್ಣ ಬೇರೆ, ದರ ಬೇರೆ, ಗೌರವ ಬೇರೆ. ಒಡಲು ಮಾತ್ರ ಹೆಚ್ಚುಕಡಿಮೆ ಒಂದೇ, ಸುಣ್ಣದ ಕಾರ್ಬೊನೇಟು. ಹುಳಿ ಬಿದ್ದರೆ ಅದು ಕರಗಿ ಇಂಗಾಲದ ಡೈಆಕ್ಸೈಡಾಗಿ ಗುಳ್ಳೆ ಬಿಡುತ್ತದೆ. ಪಾಯಿಖಾನೆಯ ಆಸಿಡ್ಡೇ ಬೇಕೆಂದಿಲ್ಲ. ನಿಂಬೆಯ ಸಿಟ್ರಿಕ್ ಆಮ್ಲ, ಹುಣಸೆಯ ಟಾರ್ಟಾರಿಕ್ ಆಮ್ಲ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ, ಎಲ್ಲಕ್ಕೂ ಅದರ ಮೇಲೆ ಕಣ್ಣು, ನಿಧಾನ ಅಷ್ಟೆ. ಮಿರುಗುವ ಅಮೃತಶಿಲೆಯ ಮೇಲೆ ಒಂದು ತೊಟ್ಟು ನಿಂಬೆರಸ ಸ್ವಲ್ಪ ಹೊತ್ತು ನಿಂತರೆ ಸಾಕು, ಅಲ್ಲಿ ಮಂಕು ಮಚ್ಚೆ ಉಳಿಯುತ್ತದೆ. ಅದು ಕಲೆಯಲ್ಲ, ಗಾಯ. ಕಲೆಯೆಂದರೆ ಕಲ್ಲಿನೊಳಗೆ ಏನೋ ಸೇರಿಕೊಂಡದ್ದು. ಇಲ್ಲಿ ಕಲ್ಲಿನದೇ ಏನೋ ಹೊರಟುಹೋಗಿದೆ. ಆದ್ದರಿಂದ ಎಷ್ಟು ತೊಳೆದರೂ ಅದು ಹೋಗದು.

ಇದರಲ್ಲಿ ನನ್ನನ್ನು ತೀರ ನಾಚಿಸಿದ ಸಂಗತಿ ಒಂದುಂಟು. ಗಡಸು ನೀರು ಕಟ್ಟುವ ಬಿಳಿಯ ಕರೆಯಲ್ಲಿಯೂ ಬಹುಪಾಲು ಅದೇ ಸುಣ್ಣದ ಕಾರ್ಬೊನೇಟೇ. ಕರೆಯನ್ನು ತಿನ್ನುವ ಆಸಿಡ್ಡು ಕಲ್ಲನ್ನೂ ತಿನ್ನದೆ ಬಿಡುವುದು ಹೇಗೆ? ಒಬ್ಬ ಅಣ್ಣನನ್ನು ಹಿಡಿಯಲು ಪೋಲೀಸರನ್ನು ಕರೆದು ತಮ್ಮನನ್ನೂ ಜೈಲಿಗೆ ಕಳಿಸಿದಂತಾಯಿತು. ಮರದ ತುಂಡಿನಿಂದ ಮೆಲ್ಲಗೆ ಕೆರೆಯುವುದು, ಮುಖ್ಯವಾಗಿ ತೇವ ನಿಲ್ಲಗೊಡದೆ ಒಣಗಿಸುವುದು, ಇವು ಬಿಟ್ಟರೆ ಅಂಥ ಕಲ್ಲಿಗೆ ಬೇರೆ ಸುಲಭೋಪಾಯವಿಲ್ಲ. ಅಂಗಡಿಯಲ್ಲಿ ಕಲ್ಲಿಗೆ ಕುಡಿಸುವ ರಕ್ಷಣೆಯ ದ್ರವಗಳು ಸಿಕ್ಕುತ್ತವೆ. ಎಣ್ಣೆ, ಅರಿಸಿನಗಳು ಇಂಗದಂತೆ ಅವು ತಡೆಯುತ್ತವೆ. ಹುಳಿಯನ್ನು ಅವೂ ತಡೆಯಲಾರವು. ಕಲ್ಲಿಗೆ ಅದು ಬೇಕೇ ಎಂದು ನೋಡಲು ನಾಲ್ಕು ಹನಿ ನೀರು ಬಿಟ್ಟು ಹತ್ತು ಹದಿನೈದು ನಿಮಿಷ ಕಾಯಬೇಕಂತೆ. ಒರೆಸಿದ ಮೇಲೆ ಅಲ್ಲಿ ಕಪ್ಪಾಗಿ ಕಂಡರೆ ಕಲ್ಲು ಕುಡಿಯುತ್ತಿದೆ ಎಂದರ್ಥ.

ಗ್ರಾನೈಟಿನ ಜಾತಿಯೇ ಬೇರೆ. ನಮ್ಮ ಬೆಂಗಳೂರಿನ ಚಪ್ಪಡಿ ಕಲ್ಲು, ಲಾಲ್‌ಬಾಗಿನ ಬಂಡೆ, ಅವುಗಳಲ್ಲಿ ಸುಣ್ಣದ ಕಾರ್ಬೊನೇಟಿನ ಒಡಲಿಲ್ಲ. ಅಡಿಗೆಮನೆಯ ಹುಳಿಗೆ ಅವು ಜಗ್ಗುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನಿಗೆ ಸಾವಿರ ವರ್ಷಗಳಿಂದ ಹಾಲು, ಕಬ್ಬಿನ ಹಾಲು, ಅರಿಸಿನ ಎಂದು ಅಭಿಷೇಕವಾಗುತ್ತ ಬಂದಿದೆ, 2018ರಲ್ಲಿಯೂ ಆಯಿತು. ಆತ ಗ್ರಾನೈಟಿನವನಾದ್ದರಿಂದ ನಗುತ್ತ ನಿಂತಿದ್ದಾನೆ. ಬಳಪದ ಕಲ್ಲಿನದು ಇನ್ನೊಂದು ಬಗೆ: ಉಗುರಿನಲ್ಲಿ ಗೀಚುವಷ್ಟು ಮೆತು, ಆದರೂ ಹುಳಿಗೆ ಹೆದರದು. ನಮ್ಮಜ್ಜಿಯ ಕಲ್ಲುಮರಿಗೆಯಲ್ಲಿ ಉಪ್ಪಿನಕಾಯಿ ವರ್ಷಗಟ್ಟಲೆ ಇರುತ್ತಿತ್ತು. ಎಲ್ಲವನ್ನೂ ಕಲ್ಲು ಎಂದು ಒಂದೇ ಹೆಸರಿನಿಂದ ಕರೆಯುವುದು ನಮ್ಮ ಸೋಮಾರಿತನ.

ಮೇಷ್ಟರು ಹೋದ ಮೇಲೆ ನಾನು ಹಿತ್ತಿಲಿನ ಮೆಟ್ಟಿಲ ಮೇಲೆ ಕೂತೆ. ಎದುರಿಗೆ ಒಗೆಯುವ ಕಲ್ಲು, ಒರಟು ಗ್ರಾನೈಟಿನ ಚಪ್ಪಡಿ. ಹಬ್ಬದ ಹಿಂದಿನ ದಿನ ಹಿತ್ತಾಳೆಯ ದೀಪ, ತಂಬಿಗೆಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗುವುದಕ್ಕೆ ಅವಳು ಇಲ್ಲಿಗೇ ಹೊತ್ತು ತರುತ್ತಿದ್ದಳು. ಮಳೆಯಲ್ಲೂ. "ಒಳಗೇ ತಿಕ್ಕಬಾರದೆ?" ಎಂದರೆ, "ಅತ್ತೆ ಹೀಗೇ ಹೇಳಿಕೊಟ್ಟದ್ದು" ಎನ್ನುತ್ತಿದ್ದಳು. ಇದು ಮಡಿಯ ಯಾವುದೋ ಶಾಸ್ತ್ರವೆಂದು ನಾನು ನಂಬಿದ್ದೆ. ನಿಂಬೆಹಣ್ಣನ್ನು ತಟ್ಟೆಯೊಳಗಿಟ್ಟು ಹೆಚ್ಚುವುದು, ಮಜ್ಜಿಗೆ ಚೆಲ್ಲಿದರೆ ಉರಿಯುವ ಒಲೆಯನ್ನು ಬಿಟ್ಟು ಮೊದಲು ಅದನ್ನು ಒರೆಸುವುದು, ಗುಡಿಸದೆ ನೆಲಕ್ಕೆ ಒದ್ದೆಬಟ್ಟೆ ಮುಟ್ಟಿಸದಿರುವುದು, ಬಾಗಿಲಲ್ಲಿ ಕಾಲೊರಸು ಹಾಕಿ ಮೊಮ್ಮಕ್ಕಳ ಮೇಲೆ ರೇಗುವುದು, ಇವೆಲ್ಲ ನನಗೆ ಹೆಂಗಸರ ಸ್ವಭಾವವಾಗಿ ಕಂಡಿದ್ದವು. ಮೇಷ್ಟರ ಪ್ರಕಾರ ಬೀದಿಯ ಮರಳಿನ ಗಡಸುತನ ಏಳಾದರೆ ಸುಣ್ಣದಕಲ್ಲಿನದು ಮೂರು. ಕಸವನ್ನು ಬಿಟ್ಟು ಒರೆಸಿದರೆ ಬಟ್ಟೆಯೇ ಅರವಾಗುತ್ತದೆ. ಕಲ್ಲಿನ ವಿದ್ಯೆ ನಮ್ಮ ಅಡಿಗೆಮನೆಯಲ್ಲಿ ಐವತ್ತು ವರ್ಷ ನಡೆದಿತ್ತು. ನನಗೆ ಹಾಜರಿ ಇರಲಿಲ್ಲ.

ಇನ್ನು ರಿಪೇರಿ. ಮೇಷ್ಟರೇ ಒಬ್ಬ ಪಾಲಿಶ್ ಕೆಲಸದವನನ್ನು ಹುಡುಕಿ ಕಳಿಸಿದರು. ಚಿತ್ತಾಪುರದ ಕಡೆಯವನು. ಒಳಗೆ ಕಾಲಿಟ್ಟವನೇ, "ಯಪ್ಪಾ, ಇದು ನಮ್ ಕಡೀ ಫರಸಿ ಅದರೀ! ಇದರ ಮ್ಯಾಲ ಆಸಿಡ್ ಯಾರು ಹಾಕ್ಯಾರ್ರೀ?" ಎಂದ. ಕೆಲಸದವರು ಹಾಕಿಬಿಟ್ಟರು ಎನ್ನಲು ಬಾಯಿ ತೆರೆದಿದ್ದೆ; ಅವನ ಮುಖ ನೋಡಿ, "ನಾನೇ" ಎಂದೆ.

ಮೊದಲು ಎಣ್ಣೆ ತೆಗೆಯಬೇಕಾಗಿತ್ತು. ಅಡಿಗೆಸೋಡವನ್ನು ನೀರಿನಲ್ಲಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಾಲಂಗುಲ ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ದಿನ ಬಿಟ್ಟು, ಆಮೇಲೆ ಹಾಳೆ ತೆಗೆದು ಒಣಗಿಸಬೇಕು. ಒಣಗುತ್ತ ಅದು ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ತಾಜಮಹಲಿನ ಅಮೃತಶಿಲೆ ಹಳದಿಗಟ್ಟಿದಾಗ, 1994ರಿಂದೀಚೆಗೆ ಹಲವು ಬಾರಿ, ಮುಲ್ತಾನಿ ಮಣ್ಣು ಮೆತ್ತಿ ತೊಳೆದದ್ದೂ ಇಂಥದೇ ಚಿಕಿತ್ಸೆ. ಷಹಜಹಾನನ ಬೀಗನಾದೆನೆಂಬ ಸಮಾಧಾನದಿಂದ ನಾನು ಮೂರು ಸಲ ಮೆತ್ತಿದೆ, ಮೂರು ಸಲ ಕೆರೆದೆ.

ಆಮೇಲೆ ಉಜ್ಜುವುದು. ನಡುಮನೆಗೆ ಯಂತ್ರ, ಮೂಲೆಗೆ, ಕಟ್ಟೆಗೆ ಕೈಯೇ ಗತಿ. ಮೊದಲು ಒರಟು ಉಜ್ಜುಕಲ್ಲು, ಆಮೇಲೆ ನಂಬರು 120, 220, 400 ಎಂದು ನಯವಾಗುತ್ತ ಹೋಗಬೇಕು, ನೀರು ಬಿಡುತ್ತಲೇ ಇರಬೇಕು. ಒಂದು ನಂಬರನ್ನು ಹಾರಿಸಿದರೆ ಹಿಂದಿನದರ ಗೀರು ಕೊನೆಯವರೆಗೂ ಉಳಿಯುತ್ತದೆ. ಕೊನೆಯಲ್ಲಿ ಹಾಕುವ ಪುಡಿ ಆಕ್ಸಾಲಿಕ್ ಆಮ್ಲ! ಮತ್ತೆ ಆಮ್ಲವೇ ಎಂದು ನಾನು ಹೌಹಾರಿದೆ. ಇದು ಸುಣ್ಣದೊಂದಿಗೆ ಸೇರಿ ನೀರಿನಲ್ಲಿ ಕರಗದ ಆಕ್ಸಲೇಟಿನ ಪೊರೆಯಾಗುವುದರಿಂದ ಮುಖ ಹೊಳೆಯುತ್ತದೆಂದು ಮೇಷ್ಟರು ಬಿಡಿಸಿ ಹೇಳಿದರು. ಆದರೆ ಅದು ವಿಷ. ಕೈಗವಸಿಲ್ಲದೆ ಮುಟ್ಟಬಾರದು. ಇದನ್ನು ಓದಿದವರು ಯಾರೂ ತಾವೇ ಪ್ರಯೋಗಕ್ಕೆ ಇಳಿಯಬಾರದೆಂದು ಕೈಮುಗಿದು ಬೇಡುತ್ತೇನೆ.

ಕೂಲಿ ಉಳಿಸಲೆಂದಲ್ಲ, ಪ್ರಾಯಶ್ಚಿತ್ತಕ್ಕೆಂದು ನಾನೂ ಒಂದು ಉಜ್ಜುಕಲ್ಲು ಹಿಡಿದು ಕೂತೆ. ಎಪ್ಪತ್ತರ ಮೊಣಕಾಲಿಗೆ ಪ್ರಾಯಶ್ಚಿತ್ತವೆಂದರೆ ಏನೆಂದು ಅರ್ಧ ಗಂಟೆಯಲ್ಲಿ ತಿಳಿಯಿತು. ಒಲೆಯ ಮುಂದಿನ ಜಾಗಕ್ಕೆ ಬಂದಾಗ ಅವನು ಕೈ ನಿಲ್ಲಿಸಿದ. "ಇಲ್ಲಿ ನೋಡ್ರಿ" ಎಂದ. ನೆಲಕ್ಕೆ ಕಣ್ಣು ಸಮಮಾಡಿ ಬೆಳಕಿಗೆ ನೋಡಿದರೆ ಒಂದೇ ಕಲ್ಲಿನ ಮೇಲೆ ಎರಡು ಕಡೆ, ಅಂಗಾಲಿನಷ್ಟಗಲ, ಸುತ್ತಲಿಗಿಂತ ಹೆಚ್ಚು ನುಣುಪು. ಆಸಿಡ್ಡು ಅಲ್ಲಿಯವರೆಗೆ ಹರಿದಿರಲಿಲ್ಲ. "ಇಲ್ಲಿ ಭಾಳ ವರ್ಷ ಯಾರೋ ಬರಿಗಾಲ್ಲೆ ನಿಂತಾರ್ರಿ. ಮಷಿನ್ ಇಷ್ಟು ನುಣುಪು ಮಾಡಂಗಿಲ್ಲ. ಉಜ್ಜಬೇಕೇನ್ರಿ?"

ಬೇಡ ಎಂದೆ. 1974ರಿಂದ ನಮ್ಮಮ್ಮ, 1982ರಲ್ಲಿ ಮದುವೆಯಾಗಿ ಬಂದ ಮೇಲೆ ಇವಳು. ಅವಳು ಕೆಲಸಕ್ಕೆಂದು ಕಟ್ಟೆಯ ಕಡೆ ತಿರುಗಿದ; ನಾನು ಎದ್ದು, ಎರಡು ಕಾಲನ್ನೂ ಆ ಎರಡು ನುಣುಪಿನ ಮೇಲೆ ಇಟ್ಟು ಕಟ್ಟೆಗೆ ನಿಂತು ನೋಡಿದೆ. ಕೈ ಹಲಗೆಯ ಮೇಲಿಡಬೇಕಾದರೆ ಸೊಂಟ ಬಗ್ಗಿಸಬೇಕಾಯಿತು. ಎರಡು ತಿಂಗಳಿಂದ ಅಲ್ಲಿ ಅಡಿಗೆ ಮಾಡಿ ಬೆನ್ನು ನೋಯುತ್ತಿದ್ದುದನ್ನು ವಯಸ್ಸಿನ ಮೇಲೆ ಹಾಕಿದ್ದೆ. ನಮ್ಮಮ್ಮ ಗಿಡ್ಡ, ನನ್ನ ಹೆಂಡತಿ ಹೆಚ್ಚುಕಡಿಮೆ ನನ್ನಷ್ಟೇ ಎತ್ತರ. ಮೇಸ್ತ್ರಿ ಎಳೆದ ಇದ್ದಿಲಿನ ಗೆರೆಗೆ ಅವಳು ನಲವತ್ತು ವರ್ಷಕ್ಕೂ ಮೇಲೆ ಬಗ್ಗಿದ್ದಾಳೆ. "ನೆಲ ಸಲೀಸಾಗಿ ಒರೆಸಬಹುದು" ಎಂದು ಅವಳು ಹೇಳುತ್ತಿದ್ದ ಮನೆಗಳಲ್ಲೆಲ್ಲ ಕಟ್ಟೆಗಳು ಎತ್ತರವಾಗಿದ್ದವೇನೋ. ನಾನು ನೋಡಿರಲಿಲ್ಲ.

ನೆಲ ಮುಕ್ಕಾಲು ಪಾಲು ಸರಿಹೋಯಿತು. ಬಚ್ಚಲ ಮುಂದಿನ ಒಂದು ಕಲ್ಲಿನಲ್ಲಿ ನದಿಯೊಂದು ಇನ್ನೂ ಇದೆ. ಕಡಪ ಕಲ್ಲಿನಲ್ಲಿ ಮಾತ್ರ ಸಿಂಕಿನ ಸುತ್ತ ಗುಂಡಿಬಿದ್ದಿತ್ತು. ಅದು ಮೊದಲಿನ ಕಪ್ಪಿಗೆ ಬರಲಿಲ್ಲ.

ಅವಳು ಬಂದಳು. ಚೀಲ ಕೆಳಗಿಡುವ ಮೊದಲೇ ಬಗ್ಗಿ ನೆಲ ಮುಟ್ಟಿ, "ಆಸಿಡ್ ಹಾಕಿದಿರಾ?" ಎಂದಳು. ಮೂರು ತಿಂಗಳು ನಾನು ತಾರಸಿ ತೋರಿಸಿದ್ದೆಲ್ಲ ದಂಡ. ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿಕೊಂಡು ಅವಳು ಬೈಯಲಿಲ್ಲ. ಅದು ಬೈದದ್ದಕ್ಕಿಂತ ಕಷ್ಟವಾಯಿತು. ಎರಡು ದಿನ ಬಿಟ್ಟು ನಾನೇ, "ನಿನಗೆ ಬೇಕಾದರೆ ಎಲ್ಲಾ ತೆಗೆಸಿ ಟೈಲ್ಸ್ ಹಾಕಿಸಿಬಿಡೋಣ ಕಣೇ" ಎಂದೆ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ನೆಲ ಇರಲಿ. ಒರೆಸೋದು ಹೇಗೂ ನೀವು ಕಲಿತಿದೀರಿ. ಕಟ್ಟೆ ಮಾತ್ರ ನನಗೆ ಬೇರೆ ಬೇಕು ಅಂದ್ರೆ."

ಹಾಗೆಯೇ ಆಯಿತು. ಮೇಸ್ತ್ರಿ ಅವಳನ್ನು ನಿಲ್ಲಿಸಿ ಅಳತೆ ತೆಗೆದ. ಕಟ್ಟೆ ನಾಲ್ಕು ಅಂಗುಲ ಮೇಲೆದ್ದಿತು. ಮೇಲೆ ಕರಿ ಗ್ರಾನೈಟು. ಹಳೆಯ ಕಡಪ ಕಲ್ಲನ್ನು ಎಸೆಯಲು ನನಗೂ ಮನಸ್ಸಾಗಲಿಲ್ಲ, ಅವಳಿಗೂ ಆಗಲಿಲ್ಲ. ಹಿತ್ತಿಲಿನಲ್ಲಿ ಕರಿಬೇವಿನ ಗಿಡದ ಕೆಳಗೆ ನಾಲ್ಕು ಇಟ್ಟಿಗೆಯ ಮೇಲೆ ಬೆಂಚಾಗಿ ಕೂತಿದೆ. ಬೆಳಿಗ್ಗೆ ನೆಲ ಒರೆಸುವುದು ಈಗ ನನ್ನ ಪಾಲು. ಮೊದಮೊದಲು ಅವಳು ಕುರ್ಚಿಯಲ್ಲಿ ಕೂತು, "ಮೊದಲು ಗುಡಿಸಿದಿರಾ?" ಎಂದು ದಿನವೂ ಕೇಳುತ್ತಿದ್ದಳು. ಈಗ ವಾರಕ್ಕೊಂದು ಸಲ ಕೇಳುತ್ತಾಳೆ.

ಮೊನ್ನೆ ಚಿತ್ರಾನ್ನಕ್ಕೆಂದು ನಿಂಬೆಹಣ್ಣು ತೆಗೆದಳು. "ಇದರ ಮೇಲೆ ತಟ್ಟೆ ಬೇಡ ಅಲ್ಲವೇ?" ಎಂದು ನನ್ನನ್ನು ಕೇಳಿ, ಗ್ರಾನೈಟಿನ ಮೇಲೆಯೇ ಇಟ್ಟು ಎರಡು ಹೋಳು ಮಾಡಿದಳು. ರಸ ಹರಿಯಿತು. ಏನೂ ಆಗುವುದಿಲ್ಲ ಎಂದೆ. ಆದರೆ ನಾನು ಹೇಳಿ ಮುಗಿಸುವುದರೊಳಗೆ ಅವಳ ಎಡಗೈ ಬಟ್ಟೆ ಹಿಡಿದು ಅದನ್ನು ಒರೆಸಿಯಾಗಿತ್ತು.